ಹಸಿರು ಬಾಟಲಿಯ ಜಗಳ

"ತಿನ್ನು!"

ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ ನುಗ್ಗಿದ ಗಂಡಸು ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲೆ ಬಡಿದ. ಗಾಜಿನ ಬುರುಡೆಗಳೆಲ್ಲ ಒಮ್ಮೆ ನಡುಗಿದವು.

ರೊದಾಂಥಿ ಬೆಚ್ಚಿ ತಿರುಗಿದಳು. ಕಪ್ಪು ಅಂಗಿ, ಮೊಣಕಾಲು ಮುಟ್ಟುವ ಬೂಟು, ಎಣ್ಣೆ ಹಚ್ಚಿದ ಮೀಸೆ, ಬಾಚದ ಗಡ್ಡ, ಮೈಯೆಲ್ಲ ಸೌದೆಹೊಗೆಯ ವಾಸನೆ. ಮತ್ತೆ ಆ ಕಣ್ಣುಗಳು... ಅಬ್ಬಾ, ಒಲೆಯಿಂದ ಈಗಷ್ಟೇ ತೆಗೆದ ಕೆಂಡ!

"ಯಾರ್ರೀ ನೀವು? ಇದೇನು ದನದ ಕೊಟ್ಟಿಗೆನಾ ಹೀಗೆ ನುಗ್ಗೋಕೆ?"

"ನಿನ್ನ ಹಸಿರು ಬಾಟಲಿ ನಂಬಿ ಮಾನ ಕಳ್ಕೊಂಡವನು. ಮನೂಸೊಸ್. ಕೆಳಗಿನ ಬೀದೀಲಿ ಮಾಂಸಕ್ಕೆ ಹೊಗೆ ಹಾಕೋ ಹೊಗೆಮನೆ ನನ್ನದು. ಬಿಚ್ಚು ಪೊಟ್ಟಣ, ತಿನ್ನು ಅಂದೆ!"

ಅವಳು ಬಿಚ್ಚಿದಳು. ಹೊಗೆ ಹಾಕಿದ ಸಾಸೇಜು. ನೋಡಲು ಚೆನ್ನಾಗಿಯೇ ಇತ್ತು. ಮೂಗಿನ ಹತ್ತಿರ ತಂದಳೋ ಇಲ್ಲವೋ... ಹಳೇ ಎಣ್ಣೆಯ ಕಮಟು ಗಪ್ಪನೆ ಹೊಡೆಯಿತು!

ರೊದಾಂಥಿ ಇನ್ನೊಮ್ಮೆ ಮೂಸಿದಳು. 'ಇಲ್ಲ... ಸಾಧ್ಯವೇ ಇಲ್ಲ. ಕಮಟು ಬರಬಾರದೆಂದೇ ಅಲ್ಲವೆ ನಾನು ಈ ಸತ್ತ್ವ ತೆಗೆದದ್ದು!'

ಬೆಟ್ಟದಲ್ಲಿ ಬೆಳೆಯುವ ಸೇಜ್ ಸೊಪ್ಪು ನಮ್ಮ ಕ್ರೀಟ್ ದ್ವೀಪದಲ್ಲಿ ಚಹಾಕ್ಕೂ ಬೇಕು, ಮಾಂಸಕ್ಕೂ ಬೇಕು, ಕೆಮ್ಮಿಗೂ ಬೇಕು. ಅದನ್ನು ನೆರಳಲ್ಲಿ ಒಣಗಿಸಿ, ಭಟ್ಟಿಯಿಂದ ಮೊದಲು ಇಳಿಯುವ ಖಾರದ ರಾಕಿ ಸಾರಾಯಿಯಲ್ಲಿ ನೆನೆಸಿ, ಸೋಸಿ, ಹೆಚ್ಚು ಬಿಸಿ ತಾಗದಂತೆ ರಾಕಿಯನ್ನು ಹಾರಿಸಿದರೆ ತಳದಲ್ಲಿ ಕಡುಹಸಿರು ಅಂಟು ಉಳಿಯುತ್ತದೆ. ಆಂಟಿಆಕ್ಸಿಡೆಂಟ್ ಇರುವುದು ಅದರಲ್ಲೇ. ಗಾಳಿ ತಾಗಿ ಕೊಬ್ಬು ಕೆಡದಂತೆ ಕಾಯುವುದು ಅದೇ. ಚಿಕ್ಕಂದಿನಲ್ಲೇ ಊರು ಬಿಟ್ಟು ಅಥೆನ್ಸ್‌ನಲ್ಲಿ ಓದಿ, ಅಲ್ಲಿಯ ಕೆಲಸ ತೊರೆದು ಈಚೆಗೆ ಮರಳಿದ ರೊದಾಂಥಿ, ಚಿಕ್ಕಮ್ಮನ ಹಳೇ ಗಾಣದ ಮನೆಯಲ್ಲಿ ಅದನ್ನು ಆಲಿವ್ ಎಣ್ಣೆಯಲ್ಲಿ ಕರಗಿಸಿ ಬಾಟಲಿಗೆ ತುಂಬುತ್ತಿದ್ದಳು. ಕುಡಿಯುವ ರಾಕಿಯನ್ನು ಸೊಪ್ಪಿಗೆ ಕುಡಿಸುವ ಹುಚ್ಚಿ ಎಂದು ಊರ ಗಂಡಸರು ಮೊದಲೇ ಗೊಣಗುತ್ತಿದ್ದರು. ಈಗ ಇದು ಬೇರೆ!

"ನಿನ್ನೆ ನನ್ನ ಅಣ್ಣನ ಮಗೂಗೆ ಚರ್ಚಲ್ಲಿ ಜ್ಞಾನಸ್ನಾನ," ಅವನ ದನಿ ಗಡುಸಾಯಿತು. "ಮಗೂನ ಎತ್ತಿ ಹಿಡಿದ ಜ್ಞಾನಪಿತ ಊಟದಲ್ಲಿ ಇದನ್ನ ಬಾಯಿಗಿಟ್ಟವನು ಕರವಸ್ತ್ರಕ್ಕೆ ಉಗಿದ. ನಮ್ಮಪ್ಪನ ಕಾಲದಿಂದ ನಮ್ಮ ಮನೆ ಮಾಂಸನ ಯಾರೂ ಉಗಿದಿಲ್ಲ! ಮಾಂಸ ಕೆಡದಿರೋಕೆ ಕಾರ್ಖಾನೆಯ ಬಿಳಿ ಪುಡಿ ಬೇಡ, ನಮ್ಮ ಬೆಟ್ಟದ ಸೊಪ್ಪೇ ಇರಲಿ ಅಂತ ಆಸೆಪಟ್ಟೆ ನೋಡು, ನನಗೆ ಸರಿಯಾಗಿ ಆಯ್ತು!"

"ನನ್ನ ಸತ್ತ್ವ ಕೆಡೋದಿಲ್ಲ!"

"ಹಾಗಾದ್ರೆ ತಿನ್ನು!"

ಅವಳು ಅವನ ಕಣ್ಣನ್ನೇ ದಿಟ್ಟಿಸುತ್ತ ಒಂದು ತುಂಡು ಕಚ್ಚಿದಳು. ಅಗಿದಳು. ಗಂಟಲಿಗೆ ಬಂದ ವಾಕರಿಕೆಯನ್ನು ತಡೆದು ನುಂಗಿಯೂ ಬಿಟ್ಟಳು.

ಮನೂಸೊಸ್ ಒಂದು ಕ್ಷಣ ತಬ್ಬಿಬ್ಬಾದ. ಅವಳು ನುಂಗುತ್ತಾಳೆಂದು ಅವನು ಎಣಿಸಿರಲಿಲ್ಲ.

"ಉಗಿಯೋಕೆ ಹೊರಗೆ ಜಾಗ ಇದೆ..." ಎಂದ, ಸ್ವಲ್ಪ ಮೆತ್ತಗೆ.

"ಬೇಕಿಲ್ಲ. ನಿಮ್ಮ ಕೈಗುಣ ಎಷ್ಟು ಕೆಟ್ಟದ್ದು ಅಂತ ಊರಿಗೆ ಹೇಳೋಕೆ ನನ್ನ ಹೊಟ್ಟೇಲಿ ಸಾಕ್ಷಿ ಇರಲಿ. ಬಾಗಿಲು ಅಲ್ಲಿದೆ!"

ಮೆತ್ತಗಾದದ್ದೆಲ್ಲ ಮತ್ತೆ ಕೆಂಡವಾಯಿತು. ಬಾಗಿಲನ್ನು ಅವನು ಎಳೆದುಕೊಂಡ ರಭಸಕ್ಕೆ ಚಿಲಕವೇ ಕಿತ್ತು ಬಂತು.

*

ನಮ್ಮ ಕಣಿವೆಯಲ್ಲಿ ಸಿಟ್ಟು ಬಂದರೆ ಜನ ಕಚೇರಿ ಮೆಟ್ಟಿಲು ಹತ್ತುವುದಿಲ್ಲ. ಎರಡು ಸಾಲಿನ ಪದ ಕಟ್ಟುತ್ತಾರೆ. ಮಂದಿನಾದ ಎಂದು ಅದಕ್ಕೆ ಹೆಸರು. ಪ್ರೀತಿಗೂ ಅದೇ, ಸಾವಿಗೂ ಅದೇ, ಬೈಗುಳಕ್ಕೂ ಅದೇ. ಒಮ್ಮೆ ಬಾಯಿಂದ ಹೊರಟ ಪದ ಸಂಜೆಯೊಳಗೆ ಎಲ್ಲರ ಅಡುಗೆಮನೆಯಲ್ಲೂ ಇರುತ್ತದೆ.

ಅಂದು ಸಂಜೆ ಚೌಕದ ಕಾಫಿ ಅಂಗಡಿಯ ಮುಂದೆ ರೊದಾಂಥಿ ತನ್ನ ಚಿಕ್ಕಮ್ಮ ದೆಸ್ಪಿನಾಳ ಜೊತೆ ಹಾದುಹೋಗುತ್ತಿದ್ದಳು. ಒಳಗಿನಿಂದ ಲೀರಾ ವಾದ್ಯದ ದನಿ. ಅವಳನ್ನು ಕಂಡದ್ದೇ ತಡ, ಮನೂಸೊಸ್ ರಾಕಿಯ ಲೋಟವನ್ನು ಮೇಜಿಗೆ ಕುಕ್ಕಿ ಎದ್ದ.

"ಬಾಟಲಿಯಲ್ಲಿ ಬೆಟ್ಟವ ತುಂಬಿ ಕೊಟ್ಟಳು ನಮ್ಮ ಜಾಣೆ,
ನನ್ನ ಮಾಂಸವ ನಾಯಿಯೂ ಮೂಸದು, ಪಟ್ಟಣದೋದಿನ ಆಣೆ!"

ಹೋ ಎಂದು ನಗು! ಲೀರಾ ಬಾರಿಸುವ ಮುದುಕ ಜಹಾರಿಸ್ ಅದನ್ನೇ ಇನ್ನೊಮ್ಮೆ ಎಳೆದು ಹಾಡಿದ. ಚೌಕದ ಕಟ್ಟೆಯ ಮೇಲೆ ರೊದಾಂಥಿಗೆ ಬೆಟ್ಟದ ಸೊಪ್ಪು ಕಿತ್ತು ತರುವ ಹೆಂಗಸರು ಕುಳಿತಿದ್ದರು. ಅವರೂ ನಕ್ಕರು.

ಚಿಕ್ಕಮ್ಮ ತೋಳು ಹಿಡಿದೆಳೆದಳು. "ಬಾರೇ, ಗಂಡಸರ ಬಾಯಿಗೆ ಬೀಗ ಇಲ್ಲ..."

ರೊದಾಂಥಿ ಕದಲಲಿಲ್ಲ. ಕಿವಿಯ ತುದಿಯವರೆಗೂ ರಕ್ತ ಏರಿತ್ತು. ಹೊಸಿಲಿನ ಮೇಲೆ ನಿಂತು, ದನಿ ನಡುಗದಂತೆ ಹೇಳಿದಳು.

"ಮೀಸೆಗೆ ಎಣ್ಣೆ ಹಚ್ಚುವ ಗಂಡಿಗೆ ಮಾಂಸದ ಹದವೇ ತಿಳಿದಿಲ್ಲ,
ಕುಣಿಯಲು ಬಾರದ ಕಾಲಿನ ದೂರು: ಅಂಗಳ ನೆಟ್ಟಗೆ ಉಳಿದಿಲ್ಲ!"

ನಗು ಈಗ ಅವನ ಕಡೆಗೆ ತಿರುಗಿತು. ಮನೂಸೊಸ್‌ನ ಮುಖ ಕಪ್ಪಿಟ್ಟಿತು. ಆದರೆ ತುಟಿಯ ಒಂದು ಮೂಲೆ ಮಾತ್ರ ಅವನ ಅಪ್ಪಣೆ ಕೇಳದೆ ಮೇಲೆ ಹೋಯಿತು. 'ಎಲಾ ಇವಳ... ನಿಂತ ನಿಲುವಿನಲ್ಲೇ ಕಟ್ಟಿದಳಲ್ಲ!'

ಪದದಲ್ಲಿ ಗೆದ್ದಳು. ಊರನ್ನು ಕಳೆದುಕೊಂಡಳು.

ಮಾರನೆಯ ಬೆಳಗ್ಗೆ ಸೊಪ್ಪಿನ ಚೀಲಗಳು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

"ಯಾರೂ ತರಲ್ವಂತೆ ಕಣೇ," ಚಿಕ್ಕಮ್ಮ ಸೆರಗಿನಂತೆ ಹೊದ್ದ ಕಪ್ಪು ವಸ್ತ್ರ ಸರಿಪಡಿಸುತ್ತ ಹೇಳಿದಳು. "ನಾವು ಕಿತ್ತ ಸೊಪ್ಪಿಂದ ಮಾಂಸ ಕೆಡ್ತು ಅಂದ್ರೆ ನಮ್ಮ ಮರ್ಯಾದೆ ಏನು ಅಂತಾರೆ. ಇನ್ನೇನು ಕುದಿಸ್ತೀಯ, ಕಲ್ಲಾ? ನಿನ್ನ ಸಾಮಾನೆಲ್ಲ ಕಟ್ಟಿ ಅಥೆನ್ಸ್‌ಗೆ ಹೋಗ್ಬಿಡು ಮಗಳೇ. ಗಾಣದ ಮನೆ ಖಾಲಿ ಮಾಡಿದ್ರೆ ನಾನು ಕುರಿನಾದ್ರೂ ಕಟ್ತೀನಿ."

ಅಥೆನ್ಸ್! ಆ ಕಿಟಕಿಯಿಲ್ಲದ ಪ್ರಯೋಗಾಲಯ, ಯಾರೋ ಪುಡಿಮಾಡಿ ಕಳಿಸಿದ ಎಲೆ, ಹೆಸರಿಲ್ಲದ ಮುಖಗಳು... ಮತ್ತೆ ಅಲ್ಲಿಗಾ? ರೊದಾಂಥಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

ಮೂಲೆಯ ಕಿಟಕಿಗೆ ನಡೆದಳು. ಅಲ್ಲಿ ಬಿಸಿಲಿಗೆ ವಾರಗಳ ಹಿಂದೆಯೇ ಎರಡು ಹಂದಿಕೊಬ್ಬಿನ ಜಾಡಿಗಳನ್ನು ಇಟ್ಟಿದ್ದಳು, ಒಂದಕ್ಕೆ ಸತ್ತ್ವ ಬೆರೆಸಿ, ಇನ್ನೊಂದಕ್ಕೆ ಬೆರೆಸದೆ. ಎರಡನ್ನೂ ಮೂಸಿದಳು. ಬೆರೆಸದ್ದು ಕಮಟು. ಬೆರೆಸಿದ್ದು ಈಗಷ್ಟೇ ಕಾಯಿಸಿದಂತೆ ಸಿಹಿಯಾಗಿತ್ತು.

'ನನ್ನದು ತಪ್ಪಿಲ್ಲ. ಹಾಗಾದರೆ ಆ ಮೀಸೆಯವನು ಏನು ಮಾಡಿದ?'

ಬಾಟಲಿಯೊಂದನ್ನು ಹಿಡಿದು ಕೆಳಗಿನ ಬೀದಿಗೆ ದಡದಡನೆ ಇಳಿದಳು.

*

"ಮೇಲೂರಿನ ಮದುವೆಗೆ ಮಾಂಸ ನಿಮ್ಮದೇ ಅಂತೆ," ಹೊಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು. "ನನ್ನ ಕಣ್ಣೆದುರಿಗೇ ಮಾಡಿ. ಇನ್ನೊಂದು ಸಲ ಇದನ್ನ ಹಾಕಿ. ಆಗಲೂ ಕೆಟ್ರೆ ನಾನೇ ಊರು ಬಿಡ್ತೀನಿ!"

ಮನೂಸೊಸ್ ಮಾಂಸ ಕೊಚ್ಚುತ್ತಿದ್ದವನು ಕತ್ತಿ ನಿಲ್ಲಿಸಿದ. "ಮದುವೆ ಊಟ ಹಾಳಾದ್ರೆ ನಾನೂ ಊರು ಬಿಡಬೇಕು. ಜೊತೆಗೇ ಹೋಗೋಣ ಅಂತೀಯಾ?"

"ನಿಮ್ಮ ಜೊತೆ ನರಕಕ್ಕೂ ಬರಲ್ಲ!"

"ನರಕದಲ್ಲಿ ಹೊಗೆ ಜಾಸ್ತಿ. ನನಗೆ ಅಲ್ಲಿ ಕೆಲಸ ಸಿಗುತ್ತೆ."

ಅವಳಿಗೆ ನಗು ಬಂತು. ಅದನ್ನು ಕಮಟು ಸಾಸೇಜಿನಂತೆಯೇ ನುಂಗಿದಳು.

ಅವನು ಬಾಟಲಿ ತೆಗೆದುಕೊಂಡ. ಬೆಳಕಿಗೆ ಹಿಡಿದು ನೋಡಿದ. ಮುಚ್ಚಳ ತೆರೆದು, ಕಣ್ಣು ಮುಚ್ಚಿ ಮೂಸಿದ. ಅವನ ಮುಖ ಅಷ್ಟು ಹೊತ್ತಿಗೆ ಎಲ್ಲ ಗಡುಸನ್ನೂ ಮರೆತಿತ್ತು. "ಕಲ್ಲುಬಂಡೆ ಕಡೆಯ ಸೊಪ್ಪು," ಎಂದ ತನ್ನಷ್ಟಕ್ಕೆ. "ವಾಸನೆ ಮಾತ್ರ... ಸುಳ್ಳು ಹೇಳಲ್ಲ, ಚೆನ್ನಾಗಿದೆ."

ಅವಳ ಎದೆಯಲ್ಲಿ ಏನೋ ಒಂದು ಸಣ್ಣದಾಗಿ ಮಿಡುಕಿತು. 'ಛೇ! ಹೊಗಳಿದ ಮಾತ್ರಕ್ಕೆ ಕರಗುತ್ತೀಯಾ, ನಾಚಿಕೆಗೇಡಿ?'

ಮನೂಸೊಸ್ ಮೂಲೆಯ ದೊಡ್ಡ ತೊಟ್ಟಿಯ ಬಳಿ ಹೋದ. ದ್ರಾಕ್ಷಿ ವಿನೆಗರ್‌ನಲ್ಲಿ ಮಾಂಸದ ತುಂಡುಗಳು ಮುಳುಗಿದ್ದವು. ಮೂರು ದಿನ ಹಾಗೆ ನೆನೆದ ಮೇಲೆಯೇ ನಮ್ಮಲ್ಲಿ ಮಾಂಸಕ್ಕೆ ಹೊಗೆ. ಉಪ್ಪು ಅದಕ್ಕೇ, ಮೆಣಸು ಅದಕ್ಕೇ, ಜೀರಿಗೆ ಅದಕ್ಕೇ. ಅಜ್ಜನ ಅಜ್ಜನೂ ಹಾಗೆಯೇ ಮಾಡಿದ್ದು.

ಅವನು ಬಾಟಲಿಯನ್ನು ತೊಟ್ಟಿಯ ಮೇಲೆ ಬಗ್ಗಿಸಿದ.

"ಏಯ್ಯ್! ನಿಲ್ಸು! ಪನಾಯಿಯಾ, ದೇವಮಾತೆ... ಏನ್ ಮಾಡ್ತಿದ್ದೀಯ ನೀನು?"

"ಹಾಕ್ತಿದೀನಿ!"

"ವಿನೆಗರ್‌ಗಾ? ಹೋದ್ಸಲವೂ ಇದಕ್ಕೇ ಹಾಕಿದ್ಯಾ?"

"ಇನ್ನೆಲ್ಲಿಗೆ ಹಾಕ್ತಾರೆ? ಹೊಗೆಗೆ ಮೊದಲು ಹಾಕಲಿ ಅಂದ್ಯಂತೆ. ಹೊಗೆಗೆ ಮೊದಲು ನಮ್ಮಲ್ಲಿ ಎಲ್ಲಾನೂ ತೊಟ್ಟಿಗೇ!"

ರೊದಾಂಥಿ ಬಗ್ಗಿ ನೋಡಿದಳು. ಬಿದ್ದ ನಾಲ್ಕು ಹನಿ ಹಸಿರು ಮಣಿಗಳಾಗಿ ವಿನೆಗರ್ ಮೇಲೆ ತೇಲುತ್ತಿದ್ದವು. ಮಾಂಸಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ಇದು ಎಣ್ಣೆ ಕಣಯ್ಯಾ, ಎಣ್ಣೆ! ನೀರಲ್ಲಿ ಕರಗಲ್ಲ, ವಿನೆಗರ್‌ನಲ್ಲಂತೂ ಕರಗೋದೇ ಇಲ್ಲ. ಕೊಬ್ಬಿಗೆ ಕಲಸಬೇಕು! ಈ ನೀರನ್ನ ಕೊನೆಗೆ ಏನು ಮಾಡ್ತೀಯ?"

ಅವನು ಬಾಟಲಿಯನ್ನು ಕೆಳಗಿಟ್ಟ. "...ಚರಂಡಿಗೆ ಚೆಲ್ತೀನಿ."

"ಚರಂಡಿಗೆ! ನನ್ನ ವಸಂತಕಾಲ ಪೂರ್ತಿ ನೀನು ಚರಂಡಿಗೆ ಚೆಲ್ಲಿ, ಊರ ಮುಂದೆ ನನ್ನ ಮೇಲೆ ಪದ ಕಟ್ಟಿದ್ದೀಯಲ್ಲೋ!"

"ಕೊಬ್ಬಿಗೆ ಹಾಕು ಅಂತ ಒಂದು ಮಾತು ಹೇಳಿದ್ರೆ ನಿನ್ನ ನಾಲಿಗೆ ಸವೀತಿತ್ತಾ? ಚಿಕ್ಕಮ್ಮನ ಕೈಲಿ ಬಾಟಲಿ ಕಳಿಸಿ ಕೂತ್ಯಲ್ಲ, ನೀನೂ ಈ ಊರಲ್ಲೇ ಹುಟ್ಟಿದವಳು, ತೊಟ್ಟಿ ನೋಡಿಲ್ವಾ?"

ಆ ಬಾಣ ನಾಟಿತ್ತು. ಬಾಲ್ಯದಲ್ಲಿ ಮನೆಯ ಹೊಗೆಮನೆಗೆ ಗಂಡಸರು ಹೋಗುತ್ತಿದ್ದರು, ಅವಳು ಸಾಸೇಜನ್ನು ತಟ್ಟೆಯಲ್ಲಿ ಮಾತ್ರ ಕಂಡಿದ್ದಳು. ಕೊಬ್ಬಿಗೆ ಹಾಕಬೇಕೆಂಬುದು ಅವಳಿಗೆ ಎಷ್ಟು ಸಹಜವಾಗಿತ್ತೆಂದರೆ, ಹೇಳಬೇಕೆಂದೇ ಹೊಳೆದಿರಲಿಲ್ಲ.

"ಸರಿ," ಎಂದಳು ಹಲ್ಲು ಕಚ್ಚಿ. "ಅರ್ಧ ತಪ್ಪು ನನ್ನದು. ಅರ್ಧ. ಈಗ ಕೊಬ್ಬು ಕೊಡು!"

ಅಂಗಿಯ ತೋಳು ಮಡಚಿ ಅವಳೇ ಕೂತಳು. ಹೆಚ್ಚಿದ ಕೊಬ್ಬಿನ ಮೇಲೆ ಅವನು ಸತ್ತ್ವ ಹನಿಸಿದ, ಅವಳು ನಾದಿದಳು. ತೊಟ್ಟಿಯಿಂದ ತೆಗೆದು ಬಸಿದ ಮಾಂಸ ಅದಕ್ಕೆ ಸೇರಿತು. ಕೊಬ್ಬು ಬಿರುಸಾದಾಗ ಅವನ ಕೈಗಳೂ ಬೋಗುಣಿಗೆ ಇಳಿದವು. ಜಿಡ್ಡಿನಲ್ಲಿ ಬೆರಳಿಗೆ ಬೆರಳು ಜಾರಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ. ಇಬ್ಬರೂ ತಲೆ ಎತ್ತಲೂ ಇಲ್ಲ!

"ಒಂದು ಸಾಲು ಸತ್ತ್ವ ಹಾಕದೇ ತೂಗುಹಾಕು," ಅವಳು ಗಂಟಲು ಸರಿಮಾಡಿಕೊಂಡಳು. "ಹೋಲಿಸಿ ನೋಡೋಕೆ."

"ಅಥೆನ್ಸ್‌ನಲ್ಲೂ ಹೀಗೇ ಎಲ್ಲರ ಮೇಲೆ ಕೂಗಾಡ್ತಿದ್ಯಾ?"

"ಇಲ್ಲ. ಅಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟು ಬರ್ತಿರಲಿಲ್ಲ. ಯಾರಿಗೂ ಯಾರೂ ಏನೂ ಆಗಿರಲಿಲ್ಲ."

ಅವನು ಆಗ ತಲೆ ಎತ್ತಿದ. ಹೊಗೆಗೋ ಏನೋ, ಅವಳ ಕಣ್ಣು ಕೆಂಪಾಗಿತ್ತು. ಅವನು ಎದ್ದು ಗಟ್ಟಿ ರೊಟ್ಟಿಯ ತುಂಡಿಗೆ ಎಣ್ಣೆ ಸುರಿದು, ಮಾತಿಲ್ಲದೆ ಅವಳ ಬಾಯಿಯ ಹತ್ತಿರ ಹಿಡಿದ. ಅವಳ ಕೈ ಜಿಡ್ಡಾಗಿತ್ತಲ್ಲ! ಅವಳು ಮುಖ ಗಂಟಿಕ್ಕಿಕೊಂಡೇ ತಿಂದಳು.

ಕರುಳಿಗೆ ತುಂಬಿದ ಸಾಸೇಜುಗಳು ಕೋಲಿಗೇರಿದವು. ಕೆಳಗೆ ಸೇಜ್ ಕಡ್ಡಿಯ ಹೊಗೆ ಎದ್ದಿತು. ಆಗ ಅವಳು ಕೇಳಿದಳು.

"ಯಾವಾಗ ಹಿಂದಕ್ಕೆ ತಗೋತೀಯ?"

"ಏನನ್ನ?"

"ಆ ಪದಾನ. ಎಲ್ಲರ ಮುಂದೆ ಹೇಳಿದ್ದನ್ನ ಎಲ್ಲರ ಮುಂದೆ ತಗೋಬೇಕು. ಸೊಪ್ಪು ಬರ್ತಿಲ್ಲ ಮನೂಸೊಸ್. ನನ್ನ ಗಾಣದ ಮನೆಗೆ ಕುರಿ ಬರುತ್ತೆ ಇನ್ನು."

ಅವನು ಬೆಂಕಿ ಕೆದಕುತ್ತ ನಿಂತ. "ಮಂದಿನಾದಾನ ಯಾರೂ ಹಿಂದಕ್ಕೆ ತಗೊಳ್ಳಲ್ಲ ಹುಡುಗಿ. ಉತ್ತರ ಕೊಡಬಹುದು, ನೀನು ಕೊಟ್ಟಾಗಿದೆ. ನಾನು ತೊಟ್ಟಿಗೆ ಸುರಿದೆ ಅಂತ ಹೇಳಿದ್ರೆ... ಈ ಕಣಿವೆ ನಿನಗೆ ಗೊತ್ತಲ್ಲ. ಅಡ್ಡಹೆಸರು ಮೊಮ್ಮಕ್ಕಳಿಗೂ ಅಂಟುತ್ತೆ."

"ಹಾಗಾದ್ರೆ ನಿನ್ನ ಮೊಮ್ಮಕ್ಕಳ ಮರ್ಯಾದೆಗೆ ನಾನು ಊರು ಬಿಡಬೇಕು."

"ನಾನು ಹಾಗೆ ಅಂದ್ನಾ?"

"ಬಾಯಲ್ಲಿ ಅನ್ಲಿಲ್ಲ!"

ಕೈಯನ್ನು ಅವನ ಟವೆಲ್ಲಿಗೇ ಒರೆಸಿ, ಅದನ್ನು ಅವನ ಮುಖಕ್ಕೆಸೆದು ಹೊರಟಳು. ದಾರಿಯುದ್ದಕ್ಕೂ ಬೈದಳು... ಅವನನ್ನಲ್ಲ, ಬೋಗುಣಿಯಲ್ಲಿ ಕೈ ಹಿಂದೆಗೆಯದ ತನ್ನನ್ನು.

*

ಮೇಲೂರಿನ ಮದುವೆಗೆ ಅವಳು ಹೋಗುವುದಿಲ್ಲವೆಂದೇ ಹಠ ಹಿಡಿದಿದ್ದಳು. ಬಟ್ಟೆಪೆಟ್ಟಿಗೆ ಕಟ್ಟಿಯಾಗಿತ್ತು. ಮಾರನೆಯ ಬೆಳಗ್ಗೆಯ ಹಡಗು.

"ಮದುವೆಗೆ ಬಂದೇ ಹೋಗು," ಚಿಕ್ಕಮ್ಮ ಬಿಡಲಿಲ್ಲ. "ಓಡಿಹೋದಳು ಅನ್ನೋ ಮಾತು ಬೇಡ."

ಅಂಗಳದ ತುಂಬ ಉದ್ದ ಮೇಜುಗಳು. ಮಾಂಸದ ಸಾರಿನಲ್ಲಿ ಬೆಂದ ಅನ್ನ, ಬೇಯಿಸಿದ ಆಡು, ತಟ್ಟೆ ತಟ್ಟೆ ಸಾಸೇಜು. ಆಫ್ರಿಕಾದ ಕಡೆಯಿಂದ ಬಿಸಿಗಾಳಿ ಬೀಸುತ್ತಲೇ ಇದ್ದ ವಾರಗಳು ಅವು. ಕೊಬ್ಬು ಕೆಡುವುದಿದ್ದರೆ ಇಷ್ಟರಲ್ಲಿ ಕೆಡಬೇಕಿತ್ತು.

ಯಾರೂ ಉಗಿಯಲಿಲ್ಲ. ತಟ್ಟೆಗಳು ಮತ್ತೆ ಮತ್ತೆ ಖಾಲಿಯಾದವು.

ರೊದಾಂಥಿ ಒಂದು ತುಂಡು ಬಾಯಿಗಿಟ್ಟಳು. ಹೊಗೆ, ವಿನೆಗರ್‌ನ ಹುಳಿ, ಆಮೇಲೆ ನಿಧಾನಕ್ಕೆ ಬೆಟ್ಟ. ಕಣ್ಣು ತುಂಬಿತು. 'ನಾನು ಗೆದ್ದೆ. ಯಾರಿಗೂ ಗೊತ್ತಿಲ್ಲ, ಅಷ್ಟೇ.'

"ಮನೂಸೊಸ್!" ವಧುವಿನ ಅಪ್ಪ ಕೂಗಿದ. "ನಿಮ್ಮಪ್ಪನ ಕೈರುಚಿ ವಾಪಸ್ ಬಂತಲ್ಲೋ! ಆ ಹಸಿರು ವಿಷ ಬಿಟ್ಯಲ್ಲ, ಒಳ್ಳೇದಾಯ್ತು. ಒಂದು ಪದ ಹೇಳು!"

ಮುದುಕ ಜಹಾರಿಸ್ ಲೀರಾಗೆ ಕಮಾನು ಇಟ್ಟ.

ಮನೂಸೊಸ್ ಎದ್ದ. ಅವನ ಮುಖ ಬಿಳಿಚಿಕೊಂಡಿತ್ತು. ಜಹಾರಿಸ್‌ನ ಕಮಾನನ್ನು ಕೈಯಿಂದ ಹಿಡಿದು ಕೆಳಗಿಳಿಸಿದ.

"ಪದ ಇಲ್ಲ ಇವತ್ತು."

"ಏನೋ ಹಾಗಂದ್ರೆ?"

"ಆ ಹಸಿರು ವಿಷ ಈಗ ನಿಮ್ಮೆಲ್ಲರ ಹೊಟ್ಟೇಲಿದೆ. ರೊದಾಂಥಿಯ ಸತ್ತ್ವ ಹಾಕೇ ಮಾಡಿದ್ದು ಇದು. ಹಾಕದೇ ಮಾಡಿದ್ದೂ ಒಂದು ಸಾಲು ತಂದಿದೀನಿ, ಹೊರಗೆ ನಾಯಿಗೆ ಹಾಕಿದ್ರೆ ನಾಯಿ ಮೂಸಲಿಲ್ಲ. ಅಣ್ಣನ ಮಗುವಿನ ಊಟ ಕೆಟ್ಟಿದ್ದು ನನ್ನಿಂದ. ಕೊಬ್ಬಿಗೆ ಹಾಕೋದನ್ನ ನಾನು ವಿನೆಗರ್ ತೊಟ್ಟಿಗೆ ಸುರಿದು, ಚರಂಡಿಗೆ ಚೆಲ್ಲಿ, ಅವಳ ಮೇಲೆ ಪದ ಕಟ್ಟಿದೆ."

ಹಿಂದಿನ ಮೇಜಿನಿಂದ ಒಬ್ಬ ಕೂಗಿದ. "ವಿನೆಗರ್ ಮನೂಸೊಸ್!" ಅಂಗಳ ಬಿದ್ದು ಬಿದ್ದು ನಕ್ಕಿತು. ಅಂಟಿತು ಹೆಸರು! ಇನ್ನು ತೊಳೆದರೂ ಹೋಗದು.

"ಪದದಲ್ಲೇ ಹೇಳೋ ಮಾರಾಯ!" ಜಹಾರಿಸ್ ಬೇಡಿಕೊಂಡ. "ಮಾನವಾದ್ರೂ ಉಳಿಯುತ್ತೆ!"

"ಪದದಲ್ಲಿ ಹೇಳಿದ್ರೆ ಚಪ್ಪಾಳೆ ನನಗೆ ಸಿಗುತ್ತೆ, ಜಹಾರಿಸ್ ಮಾವ. ಇದು ಅವಳಿಗೆ ಸೇರಿದ್ದು."

ನಗು ನಿಂತಿತು. ಸೊಪ್ಪು ಕೀಳುವ ಹೆಂಗಸರ ಸಾಲಿನಲ್ಲಿ ಹಿರಿಯಳೊಬ್ಬಳು ಮೇಜು ಬಡಿದು ಎದ್ದಳು. "ಲೇ ರೊದಾಂಥಿ! ನಾಳೆ ಚೀಲ ತರ್ತೀವಿ, ಬಾಗಿಲು ತೆಗೆದಿರು! ನಾವು ಕಿತ್ತ ಸೊಪ್ಪಿಗೆ ಹೆಸರಿಡೋ ಗಂಡು ಇನ್ನೂ ಹುಟ್ಟಿಲ್ಲ!"

ಆದರೆ ರೊದಾಂಥಿಯ ಕುರ್ಚಿ ಖಾಲಿಯಾಗಿತ್ತು.

*

ಅಂಗಳದ ಹಿಂದೆ, ಕಲ್ಲುಗೋಡೆಗೆ ಒರಗಿ ಅವಳು ಬಿಕ್ಕುತ್ತಿದ್ದಳು. ಹೆಜ್ಜೆ ಸಪ್ಪಳ ಕೇಳಿ ಮುಖ ತಿರುಗಿಸಿದಳು.

"ಯಾಕೆ ಅಳ್ತಿದ್ದೀಯ?"

"ಅಳ್ತಿಲ್ಲ! ಸಿಟ್ಟು ಬಂದಿದೆ!"

"ಇನ್ನೂನಾ? ಹೇಳಿದ್ನಲ್ಲ..."

"ಇಷ್ಟು ದಿನ ಯಾಕೆ ಬೇಕಾಯ್ತು? ನಾಳೆ ಹಡಗು ಹತ್ತೋಳು ನಾನು. ಪೆಟ್ಟಿಗೆ ಕಟ್ಟೋವಾಗ ಒಂದೊಂದು ಬಟ್ಟೆಗೂ ನಿನ್ನ ಬೈದಿದ್ದೀನಿ, ಗೊತ್ತಾ?"

ಮನೂಸೊಸ್ ತಲೆ ತಗ್ಗಿಸಿದ. "ಹೆದರಿಕೆ ಇತ್ತು. ಜನ ನಗ್ತಾರೆ ಅಂತ. ಇವತ್ತು ಊಟದಲ್ಲಿ ನಿನ್ನ ನೋಡಿದೆ. ನೀನು ಮಾಂಸ ಬಾಯಿಗಿಟ್ಟು ಸುಮ್ಮನೆ ಕೂತಿದ್ದೆ. ಬೈಯಲಿಲ್ಲ, ಕೂಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ... ಅದಕ್ಕಿಂತ ಊರೆಲ್ಲ ನಗೋದೇ ವಾಸಿ ಅನ್ನಿಸ್ತು."

ಅವಳ ಬಿಕ್ಕು ನಿಧಾನವಾಯಿತು.

"ನಿನ್ನ ಹೆಸರು ಹಾಳಾಯ್ತಲ್ಲೋ, ಪೆದ್ದ," ಎಂದಳು. "ನಿನ್ನ ಮಕ್ಕಳನ್ನೂ ವಿನೆಗರ್ ಮಕ್ಕಳು ಅಂತಾರೆ."

"ಅನ್ನಲಿ. ಅವರ ಅಮ್ಮ ಉತ್ತರ ಕೊಡ್ತಾಳೆ. ನಿಂತ ನಿಲುವಿನಲ್ಲೇ ಪದ ಕಟ್ತಾಳೆ ಅವಳು."

ಅರ್ಥವಾಗಲು ಅವಳಿಗೆ ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಕೆನ್ನೆ ಉರಿಯತೊಡಗಿತು. ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. ಆ ಮುಷ್ಟಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಾನು ನಿನ್ನ ಪ್ರೀತಿಸ್ತೀನಿ ರೊದಾಂಥಿ. ಹಡಗು ಹತ್ತಬೇಡ."

"ನಾನು ಮಾತು ಮಾತಿಗೆ ಸಿಟ್ಟಾಗ್ತೀನಿ."

"ಗೊತ್ತು. ದಿನಾ ಹೊಗೆಮನೆಗೆ ಬಂದು ಬೈತೀಯಾ?"

ಅವಳು ಮುಷ್ಟಿ ಬಿಚ್ಚಿ, ಬೆರಳುಗಳನ್ನು ಅವನ ಬೆರಳುಗಳೊಳಗೆ ಸೇರಿಸಿದಳು.

"ದಿನಾ ಬರೋಕೆ ಆಗಲ್ಲ," ಎಂದಳು ಮೆಲ್ಲಗೆ. "ಅಲ್ಲೇ ಇರ್ತೀನಿ."